ಏಳನೇ ಕಾಲಂ

ಕಾಗದ ಬಂದು ಆರು ದಿನ.
ಬೆಣ್ಣೆ ಡಬ್ಬಿಯ ಕೆಳಗಿಟ್ಟಿದ್ದಾನೆ ಎಮ್ಲಿನ್,
ಹಾರಿಹೋಗದಿರಲಿ ಅಂತ.
ಕಿಟಕಿ ಮುಚ್ಚಿಯೇ ಇದೆ.

ಲಾಂಜೌ ಅಂತೆ. ಚೀನಾದ ಒಳಗೆ, ತೀರಾ ಒಳಗೆ,
ಕೆಸರು ಹಳದಿಯ ಹೊಳೆಯೊಂದು
ಊರನ್ನು ಸೀಳಿಕೊಂಡು ಹೋಗುತ್ತದಂತೆ.
ವಾರಕ್ಕೆ ಹದಿನಾರು ಗಂಟೆ ಇಂಗ್ಲಿಷ್ ಪಾಠ,
ಆರನೇ ಮಹಡಿಯಲ್ಲಿ ಮನೆ, ಲಿಫ್ಟ್ ಇಲ್ಲ,
ನವೆಂಬರಿನಿಂದ ಗೋಡೆಯ ಕೊಳವೆಗೆ ಬಿಸಿನೀರು,
ವರ್ಷ ಪೂರೈಸಿದರೆ ವಿಮಾನದ ದುಡ್ಡು ವಾಪಸು.
ಪೂರೈಸದಿದ್ದರೆ?
ಆ ಸಾಲಿಗೆ ಅವನ ಹೆಬ್ಬೆರಳು ಅಡ್ಡ ಇತ್ತು.

ನಾನು ಹೋಲಿಹೆಡ್ ಬಂದರಿನ ಟಿಕೆಟ್ ಕಿಂಡಿಯವಳು.
ಹೋಗೋದಕ್ಕೆ ಮಾತ್ರವಾ, ಬರೋದಕ್ಕೂ ಸೇರಿಸಿಯಾ,
ಇಪ್ಪತ್ತೆರಡು ವರ್ಷ ಇದನ್ನೇ ಕೇಳಿ ಕೇಳಿ
ಐರ್ಲೆಂಡಿಗೆ ಜನ ಕಳಿಸಿದ್ದೇನೆ.
ನಾನು ಹಡಗು ಹತ್ತಿದ್ದು ಎರಡೇ ಸಲ.
ಎರಡು ಸಲವೂ ವಾಂತಿ.

ನಿನ್ನೆ ರಾತ್ರಿ ಗ್ಯಾಸ್ ಬಿಲ್ಲಿನ ಬೆನ್ನ ಮೇಲೆ
ನಡುವೆ ಗೆರೆ ಎಳೆದು ಕೂತೆವು.
ಈ ಕಡೆ, ಅವನ ಕಾಲೇಜು ಬಾಗಿಲು ಹಾಕಿ ಹದಿನಾಲ್ಕು ತಿಂಗಳು,
ಗೋದಾಮಿನ ರಾತ್ರಿಪಾಳಿ, ಹಿಡಿದುಕೊಂಡ ಸೊಂಟ,
ಮತ್ತೆ ಈ ಬಿಲ್ಲೇ.
ಆ ಕಡೆ, ನನ್ನ ಕಿಂಡಿ,
ಚರ್ಚಿನ ಗಾನತಂಡದ ಎರಡನೇ ಸಾಲಿನಲ್ಲಿ ನನ್ನ ಜಾಗ,
ಹದಿಮೂರು ತುಂಬಿದ ನಾಯಿ.
ನಾಯಿಯನ್ನು ಎಲ್ಲಿ ಬರೆದರೂ ಆ ಕಡೆಯೇ ವಾಲುತ್ತಿತ್ತು.
ಅಳೆದೂ ಸುರಿದೂ ಹನ್ನೆರಡು ಹೊಡೆಯಿತು.

ನೀನಲ್ಲಿ ಏನು ಮಾಡ್ತೀಯ ನೆಸ್ಟ, ಅಂದ.
ಬಾಣಲೆ ತಿಕ್ಕುತ್ತಾ ಹೇಳಿದೆ:
ಆರು ಮಹಡಿ ಇಳೀತೀನಿ. ಆಮೇಲೆ ಹತ್ತುತೀನಿ.
ಅವನು ನಕ್ಕ.
ಬಾಣಲೆಯಲ್ಲಿ ಇನ್ನೂ ಕರಿ ಇತ್ತು.

ಇಂಗ್ಲಿಷ್ ಹುಟ್ಟುನುಡಿ ಆದವರೇ ಬೇಕು, ಎಂದಿದೆ ಕಾಗದ.
ಸರಿ ಗುರುತು ಹಾಕಿದ. ಕಿವಿ ಕೆಂಪಗಾಯಿತು.
ಐದು ತುಂಬುವ ತನಕ ಇಂಗ್ಲಿಷಿನ ಗಂಧವಿರಲಿಲ್ಲ ಅವನಿಗೆ;
ಬೆಕ್ಕು, ಬೆಣ್ಣೆ, ಭಯ,
ಎಲ್ಲ ವೆಲ್ಷ್‌ನಲ್ಲೇ ಕಲಿತವನು.
ಅವನಜ್ಜಿಯೋ, ಕೊನೆಯ ವಾರ
ಎಪ್ಪತ್ತು ವರ್ಷದ ಇಂಗ್ಲಿಷನ್ನು ಕಳಚಿಟ್ಟಳು.
ದೂರ್, ದೂರ್ ಅಂದಳು. ನಮ್ಮಲ್ಲಿ ನೀರಿಗೆ ಹಾಗೆ ಅನ್ನುವುದು.
ಹೊಸ ನರ್ಸಿಗೆ ಡೋರ್ ಎಂದು ಕೇಳಿಸಿತು.
ಪಾಪ, ಎದ್ದು ಹೋಗಿ
ಬಾಗಿಲು ತೆರೆದಿಟ್ಟಳು.

ಇವತ್ತು ಬೆಳಿಗ್ಗೆ ಅರ್ಜಿಯ ಎರಡನೇ ಪುಟ.
ಕಾಲಂ ಏಳು: ಜೊತೆಗೆ ಬರುವ ಪತಿ ಅಥವಾ ಪತ್ನಿ.
ಮದುವೆಯ ಪ್ರಮಾಣಪತ್ರ, ಮೊಹರು ಸಮೇತ.

ಹತ್ತೊಂಬತ್ತು ವರ್ಷ ಒಂದೇ ಹಾಸಿಗೆ,
ಎಷ್ಟೋ ಸಲ ಒಂದೇ ಟವೆಲ್ಲು.
ಬಸಿರು ನಿಲ್ಲದ ಆ ಎರಡು ಏಪ್ರಿಲ್.
ಅವನಪ್ಪನ ಹೆಣಕ್ಕೆ ಟೈ ಕಟ್ಟಿದ್ದು ನನ್ನ ಕೈ,
ಅವನಿಗೆ ಗಂಟು ಕೂರಲಿಲ್ಲ ಅವತ್ತು.
ಮದುವೆ ಮಾತ್ರ ಹಾಗೇ ಉಳಿದುಹೋಯಿತು.
ಮೊದಲ ವರ್ಷ ಚಾವಣಿ ಸೋರುತ್ತಿತ್ತು. ಆಮೇಲೆ ಕಾರು.
ಆಮೇಲಾಮೇಲೆ ಕೇಳಲು ನಾಚಿಕೆ,
ದಿನಾ ಕೈಬೀಸುವ ಪಕ್ಕದ ಮನೆಯವನ
ಹೆಸರು ಕೇಳುವುದಕ್ಕೆ ಆಗುತ್ತದಲ್ಲ, ಹಾಗೆ.

ಈಗ ಯಾವುದೋ ಕಚೇರಿಯಲ್ಲಿ ಯಾವನೋ ಗುಮಾಸ್ತ
ಅಡ್ಡಗೆರೆ ಎಳೆದು ಕೇಳುತ್ತಿದ್ದಾನೆ:
ನೀವಿಬ್ಬರೂ ಪರಸ್ಪರ ಏನಾಗಬೇಕು?

ಪೆನ್ನಿನ ತುದಿಗೆ ಉಸಿರು ಬಿಟ್ಟ ಎಮ್ಲಿನ್.
ಲಾನ್‌ಗೆವ್ನಿಯಲ್ಲಿ ನೋಂದಣಿ ಕಚೇರಿ ಇದೆ, ಅಂದ.
ಇಪ್ಪತ್ತೆಂಟು ದಿನ ಮೊದಲೇ ನೋಟೀಸು ಕೊಡಬೇಕಂತೆ.
ಎಂದು ವಿಚಾರಿಸಿಟ್ಟುಕೊಂಡಿದ್ದನೋ!

ಕೇಳ್ತಿದ್ದೀಯೋ, ಅರ್ಜಿ ತುಂಬ್ತಿದ್ದೀಯೋ? ಅಂದೆ.

ಉತ್ತರ ಹುಡುಕುವವನಂತೆ ಬೆಣ್ಣೆ ಡಬ್ಬಿ ಎತ್ತಿದ.
ಅಡಿಯಲ್ಲಿ ಜಿಡ್ಡಿನ ದುಂಡು ಗುರುತು.
ಅದರೊಳಗಿಂದ ಹಿಂಬದಿಯ ಚೀನೀ ಅಕ್ಷರಗಳು
ಕನ್ನಡಿಯಲ್ಲಿದ್ದ ಹಾಗೆ ಕಾಣುತ್ತಿದ್ದವು.
ಇಬ್ಬರೂ ಬಗ್ಗಿ ನೋಡಿದೆವು,
ಓದಲು ಬರುವವರ ಹಾಗೆ.

ಹಡಗು ಕೂಗಿತು. ಹನ್ನೊಂದಕ್ಕೆ ನನ್ನ ಪಾಳಿ.
ನಾಯಿಗೆ ಮಾತ್ರೆ ಮರೀಬೇಡ, ಅಂದು
ಕೋಟು ಹಾಕಿಕೊಂಡೆ.
ಗೇಟಿನ ಹತ್ತಿರ ಗೊತ್ತಾಯಿತು,
ಕೈಗವಸಿನೊಳಗೆ ಬೆರಳು ಎಣಿಸುತ್ತಿದೆ:
ಹದಿನೇಳು, ಹದಿನೆಂಟು